ತಪಾಸಣೆ ತಪ್ಪಿದ ದಿನ

12 ಆಗಸ್ಟ್ 2024, ಸೋಮವಾರ. ಬೆಳಿಗ್ಗೆ 11.10

ಇಷ್ಟರಲ್ಲೇ ಎಂಬತ್ತು ಜನ. ಕೋರ್ಟ್ ಗೇಟಿನಲ್ಲಿ ಪೊಲೀಸ್ ತಪಾಸಣೆ: ಹೆಂಗಸರ ಸಾಲು ನನ್ನದು, ಗಂಡಸರದು ಖಾಜಾಸಾಬರದು. ಮೆಟಲ್ ಡಿಟೆಕ್ಟರ್ ಎಲ್ಲದಕ್ಕೂ ಕೂಗುತ್ತದೆ — ಕಾಲುಂಗುರ, ಡಾಬು, ಕೀಲಿಕೈ. ಕಡೆಗೆ ಕೈಯಿಂದಲೇ ತಡವಿ ನೋಡಬೇಕು.

ಯಲಬುರ್ಗಾ ಕಡೆಯ ಮಾಳವ್ವ ಬಂದಿದ್ದಳು. ಕುರಿ ಮೇಯಿಸುವಾಕೆ. ಮಗಳು ಗಿರಿಜವ್ವನ ಕೊಲೆ ಕೇಸ್. ಆರೋಪಿ ಅಳಿಯನೇ — ಕನಕರಾಜ. ಜಾಮೀನಿನ ಮೇಲಿದ್ದಾನೆ. ಅವನೂ ಇದೇ ಗೇಟಿನಿಂದ ಬರುತ್ತಾನೆ. ಇವತ್ತು ಅವಳ ಎದುರಿಗೇ ಒಳಗೆ ಹೋದ.

ಸೊಂಟಕ್ಕೆ ಕೈ ಹಾಕಿದಾಗ ಅಂದಳು, “ಕೊಂದಾಂವನ್ನ ಒಳಗ ಬಿಟ್ರಿ. ಹಡದಾಕಿ ಮೈ ತಡವ್ತೀರಿ?”

“ಎಲ್ಲಾರಿಗೂ ಒಂದ ರೂಲ್ ಐತಬೇ.”

“ಎಲ್ಲಾರ ಮಗಳೂ ಸತ್ತಾಳೇನು?”

ತಡವಿ ಮುಗಿಸಿ ಒಳಗೆ ಬಿಟ್ಟೆ. ರಿಜಿಸ್ಟರಿನಲ್ಲಿ ‘ತಪಾಸಣೆ ಆಗಿದೆ’ ಎಂದು ಬರೆದೆ.

9 ಅಕ್ಟೋಬರ್, ಬುಧವಾರ

ವಾದ ಮುಗಿಯಿತು. ತೀರ್ಪು ನವೆಂಬರ್ 21ಕ್ಕೆ.

ಮಾಳವ್ವನಿಗೆ ಜ್ವರ. ಕುಷ್ಟಗಿ ಬಸ್ ತಪ್ಪಿತೆಂದು ಟಂಟಂ ಆಟೋ ಹತ್ತಿ ಬಂದಳಂತೆ. ಗೇಟಿನ ಕಂಬ ಹಿಡಿದು ನಿಂತಿದ್ದಳು, ಗಡಗಡ ನಡುಗುತ್ತ. ಒಳಗೆ ಕೇಸ್ ಕೂಗುತ್ತಿದ್ದರು. ಹಿಂದೆ ಸಾಲಿನಲ್ಲಿ ಗದ್ದಲ.

“ಹೋಗಬೇ, ಲಗೂ ಹೋಗು” ಎಂದೆ. ತಡವಿ ನೋಡಲಿಲ್ಲ.

ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ‘ತಪಾಸಣೆ ಆಗಿದೆ’ ಎಂದು ಬರೆದೆ. ಒಂಬತ್ತು ವರ್ಷದ ಸರ್ವೀಸಿನಲ್ಲಿ ಇಂಥ ಸುಳ್ಳು ಮೊದಲ ಸಲ.

ಏನೂ ಆಗಲಿಲ್ಲ. ಜ್ವರದವಳು, ಪಾಪ.

21 ನವೆಂಬರ್, ಗುರುವಾರ. ಮಧ್ಯಾಹ್ನ 12

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹತ್ತಕ್ಕೆ ಕನಕರಾಜ ತಾಯಿಯ ಜೊತೆ ಬಂದ. ಹತ್ತೂ ಇಪ್ಪತ್ತಕ್ಕೆ ಮಾಳವ್ವ. ಇವತ್ತು ಜ್ವರವಿಲ್ಲ. ಮುಖ ನೋಡಲಿಲ್ಲ.

ಬೆನ್ನ ಕೆಳಗೆ, ಸೀರೆಯೊಳಗೆ, ಗಟ್ಟಿಯಾಗಿ ಏನೋ. ಬಟ್ಟೆ ಸುತ್ತಿದ್ದು. ಕುರಿ ಉಣ್ಣೆ ಕತ್ತರಿಸುವ ಕತ್ತರಿಯ ಒಂದು ಅಲಗು. ಗೇಣುದ್ದ.

ನನ್ನ ಕೈ ಮೇಲೆ ಅವಳ ಕೈ ಬಂತು.

“ಬಿಡವ್ವ. ನೀನೂ ಹೆಣ್ಣ ಹಡದಾಕಿ.”

ಹೌದು. ನನ್ನ ಮಗಳು ಎಂಟನೇ ಕ್ಲಾಸ್ ಓದುತ್ತಾಳೆ.

ಎಳೆದು ತೆಗೆದೆ. “ಖಾಜಾಸಾಬ್‌ರ!” — ಕೂಗಿದ್ದು ನಾನೇ ಎಂದು ಆಮೇಲೆ ತಿಳಿಯಿತು.

ಜೀಪ್ ಹತ್ತಿಸುವಾಗ ನನ್ನ ಕಿವಿಯ ಹತ್ತಿರ ಅಂದಳು, “ಹ್ವಾದ ಸಲಾನೂ ಇತ್ತು. ನೀ ನೋಡ್ಲಿಲ್ಲ.”

ಜೀಪಿನ ಬಾಗಿಲು ಹಿಡಿದು ನಿಂತೆ.

“ಅವನ ಹಿಂದಿನ ಬೆಂಚಿನ್ಯಾಗ ಕುಂತಿದ್ದೆ. ಒಂದ ತಾಸು. ಅಲಗಿನ ಹಿಡಿ ಮ್ಯಾಲೆ ಕೈ ಇತ್ತು. ನಡಗಾಕತ್ತಿದ್ದೆ. ಅವನ ಅವ್ವ ಹೊಳ್ಳಿ ನೋಡಿದ್ಲು. ತನ್ನ ಶಾಲು ತಗದು ನನಗ ಹೊಚ್ಚಿದ್ಲು… ಆಗ ಕೈ ಎತ್ತಾಕ ಆಗ್ಲಿಲ್ಲ.”

ಸಂಜೆ 5.30

ಕನಕರಾಜನಿಗೆ ಜೀವಾವಧಿ.

ಠಾಣೆಗೆ ಹೋಗಿ ಮಾಳವ್ವನಿಗೆ ನಾನೇ ಹೇಳಿದೆ.

“ಖರೇನ?” ಎಂದಳು. ಎರಡು ಸಲ. ಆಮೇಲೆ ಗೋಡೆಗೆ ಒರಗಿ, “ಆ ಮಾತು ನಾ ಅಲ್ಲೇ ಕುಂತು ಕೇಳಬೇಕಿತ್ತು.”

22 ನವೆಂಬರ್, ಶುಕ್ರವಾರ

ಇನ್ಸ್‌ಪೆಕ್ಟರ್ ಎಲ್ಲರೆದುರು ಹೊಗಳಿದರು. ಬಹುಮಾನಕ್ಕೆ ಶಿಫಾರಸು ಮಾಡುತ್ತಾರಂತೆ. ಮಾಳವ್ವನ ಮೇಲೆ ಕೊಲೆ ಯತ್ನದ ಕೇಸ್ ಹಾಕುವ ಮಾತು ನಡೆದಿದೆ.

ಅಕ್ಟೋಬರ್ 9ರಂದು ಅಲಗು ಜೊತೆಗಿದ್ದೂ ಒಂದು ತಾಸು ಅವನ ಹಿಂದೆ ಕೂತಿದ್ದಳು, ಹೊಡೆಯಲಿಲ್ಲ. ಅವಳ ಪರವಾಗಿ ಇರುವುದು ಅದೊಂದೇ. ಆದರೆ ರಿಜಿಸ್ಟರ್ ಪ್ರಕಾರ ಅವತ್ತು ಅವಳ ತಪಾಸಣೆ ಆಗಿದೆ, ಅಂದರೆ ಅಲಗು ಇರಲೇ ಇಲ್ಲ.

ಖಾಜಾಸಾಬರಿಗೆ ಮಾತ್ರ ಹೇಳಿದೆ. ಸುತ್ತ ನೋಡಿ ದನಿ ತಗ್ಗಿಸಿದರು.

“ಹೆಡ್ ಕಾನ್‌ಸ್ಟೆಬಲ್ ಪ್ರಮೋಷನ್ ಪಟ್ಟಿಯೊಳಗ ನಿಮ್ಮ ಹೆಸರೈತಿ. ಬಾಯಿ ಮುಚ್ಚಿಕೊಂಡಿರ್ರಿ. ಆಕಿ ಮಾತು ಯಾರ ನಂಬ್ತಾರ?”

ಅದೇ. ಯಾರೂ ನಂಬುವುದಿಲ್ಲ, ನಾನು ಬರೆದುಕೊಡದಿದ್ದರೆ.

25 ನವೆಂಬರ್, ಸೋಮವಾರ. ಬೆಳಿಗ್ಗೆ 9.40

ಎರಡು ಪುಟದ ಹೇಳಿಕೆ ಕೊಟ್ಟೆ. ಮೊದಲನೆಯದು 21ರದು. ಎರಡನೆಯದು ಅಕ್ಟೋಬರ್ 9ರದು.

ಇನ್ಸ್‌ಪೆಕ್ಟರ್ ಓದಿ, ಎದ್ದು ಬಾಗಿಲು ಹಾಕಿದರು.

“ಎರಡನೇ ಪೇಜ್ ಹರದು ಒಗೀರಿ. ನಾ ಓದೇ ಇಲ್ಲ ಅನ್ಕೊಂತೀನಿ.”

“ಆಗಿದ್ದ ಬರದೀನ್ರಿ ಸರ್.”

“ನೌಕರಿ ಹೋಗಬಹುದು, ಹನುಮಂತಮ್ಮ. ಭಾಳ ಆತಂದ್ರ ಮುದುಕಿಗೆ ಶಿಕ್ಷಾ ಕಡಿಮಿ ಅಕ್ಕೈತಿ. ಅಷ್ಟಕ್ಕ?”

“ಅಷ್ಟಕ್ಕರಿ.”

ಎರಡನೇ ಹಾಳೆ ನನ್ನ ಕಡೆ ತಳ್ಳಿದರು. “ಇದಕ್ಕ ಸಹೀನ ಮಾಡಿಲ್ಲ ನೀವು. ಹೊರಗ ಕುಂತು ವಿಚಾರ ಮಾಡ್ರಿ. ಹತ್ತ ನಿಮಿಷ.”

ಮರೆತಿದ್ದೆನೋ, ಬೇಕೆಂದೇ ಬಿಟ್ಟಿದ್ದೆನೋ. ನನಗೂ ಗೊತ್ತಿಲ್ಲ.

ಹೊರಗಿನ ಬೆಂಚಿನಲ್ಲಿ ಕೂತಿದ್ದೇನೆ. ಹತ್ತು ನಿಮಿಷ ಬೇಕಾಗಲಿಲ್ಲ. ಸಹಿ ಮಾಡಿದೆ. ಕೆಳಗೆ ಬ್ಯಾಡ್ಜ್ ನಂಬರ್ ಕೂಡ. ಶಾಯಿ ಇನ್ನೂ ಆರಿಲ್ಲ, ಒಳಗಿಂದ ಕರೆಯುತ್ತಿದ್ದಾ—