ಹಸಿರು ಬಂದವರಿಗೆ ಭಾಗಾಕಾರವಿಲ್ಲ

ದೇವದುರ್ಗ, ಬುಧವಾರ

ಅಜ್ಜಿಗೆ ನಮಸ್ಕಾರ.

ನಾನು ಟೀಚರಾಗಿ ಸೇರಿದ ಈ ಶಾಲೆಯಲ್ಲಿ ಮಕ್ಕಳು ದಿನಾ ಬೆಳಿಗ್ಗೆ ತಮ್ಮ ಬಗ್ಗೆ ತಾವೇ ಟ್ಯಾಬ್‌ಗೆ ಒಂದು ಮಾತು ಹೇಳಬೇಕು. ಅದನ್ನು ಲಕ್ಷಾಂತರ ಮಕ್ಕಳ ಮಾತಿನೊಂದಿಗೆ ಹೋಲಿಸಿ ಟ್ಯಾಬ್ ಬಣ್ಣ ತೋರಿಸುತ್ತದೆ. ಹಸಿರು ಬಂದವರಿಗೆ ಎಲ್ಲವೂ ಬರುತ್ತದೆಂದು ಅರ್ಥ. ಕೆಂಪು ಬಂದವರಿಗೆ ಮಾತ್ರ ಸಂಜೆಯ ವಿಶೇಷ ಪಾಠ.

ಐದನೆಯ ತರಗತಿಯ ಬೂದೆಮ್ಮನಿಗೆ ಭಾಗಾಕಾರ ಬರುತ್ತಿರಲಿಲ್ಲ. ಆದರೂ "ನಾ ಭಾಳ ಶಾಣ್ಯಾಕಿ" ಎಂದು ಗಟ್ಟಿಯಾಗಿ ಹೇಳಿ ದಿನವೂ ಹಸಿರು ಪಡೆಯುತ್ತಿದ್ದಳು. ಹೆಡ್‌ಮಾಸ್ತರರ ಬಾಗಿಲಿನವರೆಗೆ ಎರಡು ಸಲ ಹೋಗಿ ವಾಪಸ್ ಬಂದೆ. ಮೂರನೆಯ ಸಲ, ಟ್ಯಾಬ್‌ನ ಬಣ್ಣ ತಪ್ಪೆಂದು ಬಾಯಿಬಿಟ್ಟೆ. "ಅಷ್ಟು ಡೇಟಾ ಸುಳ್ಳು ಹೇಳ್ತದೇನ್ರಿ ಮೇಡಂ?" ಎಂದರು.

ಬೂದೆಮ್ಮನಿಗೇ ಉಪಾಯ ಹೇಳಿಕೊಟ್ಟೆ. ಸೋಮವಾರ ಅವಳು ತಲೆ ತಗ್ಗಿಸಿ, "ನಾ ದಡ್ಡಿ, ನನಗೇನೂ ಬರಂಗಿಲ್ಲ" ಎಂದಳು. ಕೆಂಪು ಬಂತು. ಎರಡೇ ಸಂಜೆಗೆ ಭಾಗಾಕಾರವೂ ಬಂತು.

"ಇನ್ನು ಶಾಣ್ಯಾಕಿ ಅಂತ ಹೇಳು" ಎಂದೆ.

"ಬ್ಯಾಡ್ರಿ ಮಿಸ್. ಭಿನ್ನರಾಶಿ ಮುಗಿಯೋತನಕ ದಡ್ಡೀನೇ ಇರ್ತೀನ್ರಿ."

ನನ್ನ ನೆಗಡಿ ವಾಸಿಯಾಗಿದೆ, ನಿನ್ನ ಕಷಾಯದ ಪುಡಿ ಇನ್ನೂ ಉಳಿದಿದೆ. ಗಂಟೆ ಬಾರಿಸಿದರು, ಸಂಜೆಯ ಪಾಠಕ್ಕೆ ಓಡಬೇಕು. ಇವತ್ತು ಇಡೀ ತರಗತಿಗೆ ಕೆಂಪು ಬಂದಿದೆ.

ನಿನ್ನ ಶ್ರೀಪ್ರಿಯಾ