ಓದಿ ಹೇಳಿದವನ ರುಜು

ನಮ್ಮ ಗದ್ದೆಬಯಲಿನ ನಕ್ಷೆಗೆ ಬಣ್ಣ ಹಚ್ಚುತ್ತಿರುವ ಮಾನ್ಯ ಯೋಜನಾಧಿಕಾರಿಗಳೇ,

ಪಕ್ಷಿಧಾಮದ ಎದುರು ದಡದಲ್ಲಿರುವ ನೂರ ನಲವತ್ತು ಎಕರೆಯನ್ನು ‘ವಿಶೇಷ ಪ್ರವಾಸೋದ್ಯಮ ವಲಯ’ ಮಾಡಲು ಹೊರಟಿದ್ದೀರಿ. ಅದಕ್ಕೆ ಬಾಬುರಾಯನಕೊಪ್ಪಲಿನಾಚೆಯ ನಮ್ಮ ಹಳ್ಳಿಯ ಮೂವತ್ತೊಂದು ಜನ ಹೆಬ್ಬೆಟ್ಟು ಒತ್ತಿ ಒಪ್ಪಿದ್ದಾರೆ ಎನ್ನುತ್ತದೆ ನಿಮ್ಮ ಕಡತ. ಅವರು ಒಪ್ಪಿದ್ದು ನಿಮ್ಮ ಯೋಜನೆಗಲ್ಲ, ನಾನು ಹೇಳಿದ ಸುಳ್ಳಿಗೆ. ಆ ಹೆಬ್ಬೆಟ್ಟುಗಳ ಕೆಳಗೆ ‘ಓದಿ ಹೇಳಿ ತಿಳಿಸಿದ್ದೇನೆ’ ಎಂದು ಬರೆದು ರುಜು ಹಾಕಿರುವ ಮೊದಲ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿ ನಾನೇ.

ನಮ್ಮ ಊರಿನ ರೂಢಿ ನಿಮಗೆ ಚೆನ್ನಾಗಿಯೇ ಗೊತ್ತಿರಬೇಕು. ಸರ್ಕಾರದ ಕಾಗದ ಬಂದರೆ ಹೆಚ್ಚು ಓದಿದವನು ಓದುತ್ತಾನೆ, ಅವನು ಸರಿ ಎಂದರೆ ಉಳಿದವರು ಒತ್ತುತ್ತಾರೆ. ಜೂನ್ ತಿಂಗಳಲ್ಲಿ ನಿಮ್ಮ ಕಚೇರಿಯವರು ಜೀಪಿನಲ್ಲಿ ತಂದದ್ದು ಇಪ್ಪತ್ತೆರಡು ಪುಟದ ಇಂಗ್ಲಿಷ್ ಪುಸ್ತಿಕೆ. ಹೊದಿಕೆಯ ಮೇಲೆ ಕೊಕ್ಕರೆಯ ಬಣ್ಣದ ಚಿತ್ರ. ನಾಟಿಗೆ ಸಸಿಮಡಿ ಮಾಡುವ ಹೊತ್ತಿನಲ್ಲಿ, ಮೂವತ್ತು ದಿನದೊಳಗೆ, ಇಂಗ್ಲಿಷಿನಲ್ಲಿರುವುದಕ್ಕೆ ಆಕ್ಷೇಪಣೆ ಸಲ್ಲಿಸಿ ಎಂದು ರೈತರನ್ನು ಕೇಳಿದ ನಿಮ್ಮ ಪ್ರಜಾಪ್ರಭುತ್ವಕ್ಕೆ ಏನೆನ್ನಲಿ?

ನನ್ನನ್ನು ಜಗಲಿಯ ಮೇಲೆ ಕೂರಿಸಿದರು. ದೊಡ್ಡಪ್ಪ ಮರಿಯಯ್ಯ, “ಓದ್ಲಾ, ಐದ್ನೇ ಕ್ಲಾಸಿಂದ ಆಸ್ಟ್ಲಲ್ಲಿ ಮಡಗಿರೋದು ಯಾತಕ್ಕೆ ಮತ್ತೆ?” ಎಂದರು. ಪಕ್ಕದ ಮನೆಯ ಕುಳ್ಳಯ್ಯ, “ಅವ್ನು ಕನಸ್ನಲ್ಲೂ ಇಂಗ್ಲಿಸೇ ಮಾತಾಡಾದಂತೆ ಕಣ್ಲಾ. ಅಸುವಾದ್ರೆ ಮಾತ್ರ ಕನ್ನಡ” ಎಂದು ನಗಿಸಿದರು. ನಾನೂ ನಕ್ಕೆ. ಆ ನಗುವಿನಲ್ಲೇ ಸಿಕ್ಕಿಕೊಂಡೆ.

ಹಾಸ್ಟೆಲಿನಲ್ಲಿ ಕಲಿತ ನನ್ನ ಇಂಗ್ಲಿಷಿನಲ್ಲಿ ರಜಾಚೀಟಿ ಬರೆಯಬಹುದು, ವಾರ್ಡನ್ನರ ಕ್ಷಮೆ ಕೇಳಬಹುದು. ಭೂಬಳಕೆಯ ಪರಿವರ್ತನೆ ಅದರಲ್ಲಿ ಹಿಡಿಸುವುದಿಲ್ಲ. ಮೂರು ಪುಟ ಹೇಗೋ ದಾಟಿದೆ. ನಾಲ್ಕನೆಯದರಲ್ಲಿ ಒಂದು ವಾಕ್ಯ ಹನ್ನೊಂದು ಸಾಲು ಉದ್ದವಿತ್ತು. ಕೊನೆ ಮುಟ್ಟುವಷ್ಟರಲ್ಲಿ ಮೊದಲು ಮರೆತಿತ್ತು. ಅರ್ಥವಾಗಲಿಲ್ಲ ಎನ್ನಬಹುದಿತ್ತು. ಎಂಟು ವರ್ಷ ಹಾಲು ಮಾರಿ ನನ್ನ ಫೀಸು ಕಟ್ಟಿದ ಅಜ್ಜಿ ಬೆಟ್ಟಮ್ಮ ಎದುರಿಗೇ ಕೂತಿದ್ದಳು. ಉಳಿದ ಪುಟಗಳನ್ನು ಗಂಭೀರವಾಗಿ ತಿರುವಿದೆ.

“ಅದೆಲ್ಲ ಇರ್ಲಿ. ಗದ್ದೆ ಓಯ್ತದಾ, ಇಲ್ವಾ? ಅದೊಂದ್ ಏಳ್ಬುಡು ಮಗ” ಎಂದಳು.

“ಇಲ್ಲಜ್ಜಿ, ಇದು ಕೊಕ್ಕರೆಗಳನ್ನ ಕಾಪಾಡೋಕೆ” ಎಂದೆ.

ಮೊದಲು ಒತ್ತಿದವಳು ಅವಳೇ.

ಈಗ ಗದ್ದೆಗಳಲ್ಲಿ ನಿಮ್ಮ ಗುರುತಿನ ಕಲ್ಲುಗಳು ಎದ್ದಿವೆ. ಕಾಲೇಜಿನ ಲೈಬ್ರರಿಯಲ್ಲಿ ನಿಘಂಟು ಹಿಡಿದು ನಾಲ್ಕು ದಿನ ಕೂತು ಉಳಿದ ಪುಟಗಳನ್ನು ಓದಿದೆ. ಹದಿನೇಳನೆಯ ಪುಟದಲ್ಲಿ ನಮ್ಮ ಸರ್ವೆ ನಂಬರುಗಳಿವೆ. ನೂರಿಪ್ಪತ್ತು ಕಾಟೇಜು, ಗಾಲ್ಫ್ ಮೈದಾನ. ಅಜ್ಜಿಯ ಇಪ್ಪತ್ತೆರಡು ಗುಂಟೆಯಲ್ಲಿ, ಪ್ರವಾಸಿಗರು ಹಕ್ಕಿ ನೋಡಲೆಂದು ಒಂದು ಕೃತಕ ಕೊಳ. ನೀರು ನಿಂತ ಗದ್ದೆಯನ್ನು ಮುಚ್ಚಿ ಅಲ್ಲೇ ಕೊಳ ತೋಡುವ ಈ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ, ಸ್ವಾಮಿ? ಪಕ್ಷಿಧಾಮದ ಬೇಲಿಯಿಂದ ಇಂತಿಷ್ಟು ದೂರ ಬಿಟ್ಟಿದ್ದೇವೆ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಹಕ್ಕಿ ಗೂಡು ಕಟ್ಟುವುದು ನಿಮ್ಮ ಬೇಲಿಯೊಳಗೆ, ಮರಿಗೆ ಗುಟುಕು ಹುಡುಕುವುದು ನಮ್ಮ ಕೆಸರಿನಲ್ಲಿ. ಅದು ನಿಮ್ಮ ನಕ್ಷೆ ನೋಡಿ ಹಾರುತ್ತದೆಯೇ?

ಮಾರುವುದಿಲ್ಲ ಎಂದವರಿಗೂ ದಾರಿಯಿಲ್ಲ. ವಲಯ ಘೋಷಣೆಯಾದರೆ ದನದ ಕೊಟ್ಟಿಗೆ ಕಟ್ಟಲೂ ನಿಮ್ಮ ಅನುಮತಿ ಬೇಕು. ಸುತ್ತಲಿನವರು ಮಾರಿದರೆ ಕಾಲುವೆಯ ನೀರು ಕಾಟೇಜಿನವರ ಹುಲ್ಲುಹಾಸನ್ನು ದಾಟಿ ಬರಬೇಕು. ಗದ್ದೆ ನಮ್ಮದೇ, ಆದರೆ ಅದರೊಳಗೆ ಹೋಗಲು ಇನ್ನೊಬ್ಬರ ಗೇಟು.

ಕಳೆದ ವಾರ ನಿಮ್ಮ ಕಚೇರಿಗೆ ಬಂದಿದ್ದೆ. ಗುಮಾಸ್ತರು ಬಹಳ ಸೌಜನ್ಯದಿಂದ ಕಡತ ತೆಗೆದರು. “ಓದಿ ಹೇಳಿದ್ದು ನೀವೇ ತಾನೇ? ಅರ್ಥ ಆಗಿತ್ತು ಅಂದ್ರೆ ಈಗ ಆಕ್ಷೇಪಣೆ ಯಾಕೆ? ಆಗಿರ್ಲಿಲ್ಲ ಅಂತ ಬರ್ಕೊಡಿ, ಸುಳ್ಳು ದೃಢೀಕರಣ ಆಗುತ್ತೆ. ಕಾಲೇಜಿಗೂ ತಿಳಿಸ್ಬೇಕಾಗುತ್ತೆ. ಓದೋ ಹುಡುಗ, ಯೋಚ್ನೆ ಮಾಡಿ” ಎಂದರು. ಬಸ್ಸಿನಲ್ಲಿ ಮೈಸೂರು ಸೇರುವವರೆಗೂ ಅವರ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಸುಮ್ಮನಿದ್ದರೆ ಊರು ಸಿಕ್ಕಿಕೊಳ್ಳುತ್ತದೆ, ಬಾಯಿ ಬಿಟ್ಟರೆ ನಾನು.

ಆದ್ದರಿಂದ ಬರೆದೇ ಕೊಡುತ್ತಿದ್ದೇನೆ. ನನಗೆ ಅರ್ಥವಾಗಿರಲಿಲ್ಲ. ಹದಿನೆಂಟು ಪುಟಗಳನ್ನು ಓದದೆ ಓದಿದೆನೆಂದು ರುಜು ಹಾಕಿದೆ. ಅದಕ್ಕೆ ಏನು ಕ್ರಮವೋ ಜರುಗಿಸಿ. ಆದರೆ ನನ್ನ ರುಜು ಸುಳ್ಳಾದರೆ ಮೇಲಿನ ಮೂವತ್ತೊಂದು ಒಪ್ಪಿಗೆಗಳೂ ನಿಲ್ಲುವುದಿಲ್ಲ. ಅವುಗಳನ್ನು ರದ್ದು ಮಾಡಿ. ಯೋಜನೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ನಾಟಿ ಮುಗಿದ ಮೇಲೆ ಊರಿಗೆ ಬಂದು, ಪ್ರತಿ ಸರ್ವೆ ನಂಬರನ್ನೂ ಕೂಗಿ ಓದಿಸಿ, ಮೂವತ್ತು ದಿನಗಳನ್ನು ಆ ದಿನದಿಂದ ಎಣಿಸಿ.

ಅಜ್ಜಿಗೆ ಇನ್ನೂ ಹೇಳಿಲ್ಲ. ಕಲ್ಲುಗಳನ್ನು ಕೊಕ್ಕರೆಗಳಿಗಾಗಿ ನೆಟ್ಟಿದ್ದಾರೆಂದು ತಿಳಿದು ಅವುಗಳ ಸುತ್ತ ಜೋಪಾನವಾಗಿ ಪೈರು ನಾಟಿ ಮಾಡಿಸಿದ್ದಾಳಂತೆ. ಈ ಪತ್ರದ ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ಅದರಲ್ಲಿ ಬಂದರೆ ಯಾರಾದರೂ ಅವಳ ಕೈಗೆ ಕೊಡುತ್ತಾರೆ. ಅವಳು ಅದನ್ನು ಮಡಿಸಿ ಇಟ್ಟು ನಾನು ಭಾನುವಾರ ಬರುವುದನ್ನೇ ಕಾಯುತ್ತಾಳೆ, ಓದಿ ಹೇಳಲಿ ಎಂದು.

ಇಂತಿ,
ಊರಿನ ಲೆಕ್ಕದಲ್ಲಿ ಇಂಗ್ಲಿಷ್ ಬಲ್ಲವನಾದ
ಲೋಹಿತ್
ಮೈಸೂರು, ಆಗಸ್ಟ್ 1997