ಇಬ್ಬರಿಗೆ ಸಾಲುವ ಮೇಜು

ಮೇ 4, ಸೋಮವಾರ

ಬೆಳಿಗ್ಗೆಯಿಂದ ಕಪಾಟಿನ ಬಾಗಿಲು ಕೂರಿಸಿದ್ದೇ ಕೆಲಸ. ಕಾರ್ಖಾನೆಯಲ್ಲಿ ಕ್ಯಾಂಪರುಗಳು ಒಂದರ ಬಾಲ ಹಿಡಿದು ಇನ್ನೊಂದು ಬರುತ್ತವೆ. ಲಾರಿಗೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆಗಳು. ಇಂಗ್ಲಿಷರು — ನಮ್ಮವರಲ್ಲದವರಿಗೆಲ್ಲ ನಾವು ಅನ್ನುವುದೇ ಹಾಗೆ — ಇದರಲ್ಲಿ ದೇಶ ಸುತ್ತುತ್ತಾರೆ. ಕಟ್ಟುವವರು ನಾವು, ಕಾರು ಕರೆಂಟು ಬೇಡವೆನ್ನುವ ಕ್ರೈಸ್ತ ಪಂಗಡದ ಆಮಿಶರು. ಕಟ್ಟಿ ಮುಗಿಸಿ ಕುದುರೆಗಾಡಿಯಲ್ಲಿ ಓಡಾಡುತ್ತೇವೆ.

ಊಟಕ್ಕೆ ಕೂತಾಗ ದೊಡ್ಡಪ್ಪನ ಮಗ ಫ್ರೀಮನ್‌ಗೆ ಹೇಳಿಬಿಟ್ಟೆ. ನನಗೂ ಒಂದು ಬೇಕು. ಸುತ್ತುವುದಕ್ಕಲ್ಲ, ಅಪ್ಪನ ಕೊಟ್ಟಿಗೆಯ ಹಿಂದೆ ನಿಲ್ಲಿಸಿ ವಾಸ ಮಾಡಲು. ಹೊಸದೋ, ಹಳೆಯದೋ?

"ಹೊಸದ್ರಲ್ಲಿ ಎಲ್ಲಿ ಸೋರುತ್ತೆ ಅಂತ ನೀನೇ ಹುಡುಕ್ಬೇಕು ಕಣೋ ವರ್ಲಿನ್" ಅಂದ. "ಹಳೇದ್ರಲ್ಲಿ ಇನ್ಯಾರೋ ಹುಡುಕಿ, ತೇಪೆ ಹಾಕಿ, ಬೈದೂ ಮುಗಿಸಿರ್ತಾರೆ."

ಯಾರಿಗಾಗಿ ಅಂತ ಕೇಳಲಿಲ್ಲ. ಕೇಳಬಾರದು. ಸಭೆಯಲ್ಲಿ ಹಿರಿಯರು ಹೆಸರು ಹೇಳುವ ತನಕ ನಮ್ಮಲ್ಲಿ ಮದುವೆ ಗುಟ್ಟು. ಹುಡುಗಿಯ ಅಮ್ಮನಿಗೆ ಮಾತ್ರ ಮೊದಲೇ ತಿಳಿಸುತ್ತಾರೆ. ಅವಳು ಸೆಲೆರಿ ನೆಡಬೇಕಲ್ಲ. ಮದುವೆ ಊಟಕ್ಕೆ ಆ ಸೊಪ್ಪು ರಾಶಿಗಟ್ಟಲೆ ಬೇಕು.

ನನ್ನದರಲ್ಲಿ ಗುಟ್ಟೇನು ಬಂತು... ಹುಡುಗಿಗೇ ಗೊತ್ತಿಲ್ಲ.

ಮೇ 6

ಅಪ್ಪನಿಗೆ ಹೇಳಿದೆ. ಹೊಸದನ್ನೇ ತಗೋ ಅಂದ. ಇನ್ನೊಬ್ಬರು ಗೊರಕೆ ಹೊಡೆದ ಜಾಗದಲ್ಲಿ ನೀನ್ಯಾಕೆ ಮಲಗಬೇಕು ಅಂತ. ಅಮ್ಮ ಆಲೂಗಡ್ಡೆ ಸುಲಿಯುತ್ತಾ ಒಬ್ಬಳೇ ನಕ್ಕಳು.

ಸೂರು ಮೊದಲು, ಮಾತು ಆಮೇಲೆ — ಹಾಗಂತ ಲೆಕ್ಕ ಹಾಕಿದ್ದೇನೆ. ಬರಿಗೈಯಲ್ಲಿ ಹೋಗಿ ಆರ್ಫಾಳನ್ನು ಕೇಳಲು ನಾಲಗೆ ಏಳುವುದಿಲ್ಲ. ಚಳಿಗಾಲದಿಂದ, ವಾರ ಬಿಟ್ಟು ವಾರ ಭಾನುವಾರ ನಡೆಯುವ ಹುಡುಗ ಹುಡುಗಿಯರ ಹಾಡಿನ ಕೂಟ ಮುಗಿದ ಮೇಲೆ ಅವಳನ್ನು ಗಾಡಿಯಲ್ಲಿ ಮನೆಗೆ ಬಿಡುತ್ತಿದ್ದೇನೆ. ದಾರಿಯುದ್ದಕ್ಕೂ ಕುದುರೆಯ ಬಗ್ಗೆಯೇ ಮಾತು. ಆ ಕುದುರೆಯ ಬಗ್ಗೆ ಅವಳಿಗೆ ಈಗ ನನಗಿಂತ ಹೆಚ್ಚು ಗೊತ್ತು.

ಮೇ 9, ಶನಿವಾರ

ದಿನಾ ನಮ್ಮನ್ನು ವ್ಯಾನಿನಲ್ಲಿ ಕಾರ್ಖಾನೆಗೆ ಬಿಡುವ ಡೊಲೋರಿಸ್ ಜೊತೆ ಕ್ಯಾಂಪರ್ ಮಾರುವ ಅಂಗಳಕ್ಕೆ ಹೋದೆ. ಮೊದಲು ಹೊಸದು. ಅಂಗಡಿಯವನು ಒಂದೊಂದೇ ಗುಂಡಿ ಒತ್ತಿ ತೋರಿಸಿದ. ಟೀವಿ. ಏಸಿ. ಗೋಡೆಯಲ್ಲಿ ಬೆಂಕಿ — ಸೌದೆ ಇಲ್ಲ, ಬಿಸಿ ಇಲ್ಲ, ಬರೀ ಬಣ್ಣ. ತಂದರೆ ಇದನ್ನೆಲ್ಲ ಕಿತ್ತು ಹಾಕಬೇಕಾಗುತ್ತದೆ ಅಂದೆ. ನಮ್ಮ ಬಿಷಪ್ ತಂತಿಯ ಕರೆಂಟಿಗೆ ಒಪ್ಪುವುದಿಲ್ಲ. ಕಿತ್ತರೆ ಗ್ಯಾರಂಟಿ ಹೋಗುತ್ತದೆ ಅಂದ. ಅವನ ಮುಖ ನೋಡಿ ನನಗೇ ಪಾಪ ಅನ್ನಿಸಿತು.

ಹಳೆಯದು ಮೂಲೆಯಲ್ಲಿತ್ತು. ಟೀವಿ ಸತ್ತಿದೆ, ಏಸಿ ಸತ್ತಿದೆ. ನಾವು ಕೀಳಬೇಕಾದ್ದೆಲ್ಲ ತಾನಾಗಿಯೇ ಕೆಟ್ಟು ಕೂತಿದೆ.

ಒಳಗೆ ಆರ್ಫಾ. ಮಂಡಿಯೂರಿ ನೆಲ ಉಜ್ಜುತ್ತಿದ್ದಳು. ಶನಿವಾರ ಅಲ್ಲಿ ಒರೆಸುವ ಕೆಲಸಕ್ಕೆ ಬರುತ್ತಾಳೆ. ಗೊತ್ತಿದ್ದೇ ಶನಿವಾರ ಹೋದದ್ದು — ಇಲ್ಲಾದರೂ ಬರೆದುಕೊಳ್ಳಬಹುದಲ್ಲ.

ಹೊಸದು ತೆಗೆದುಕೊಳ್ಳಲೋ, ಇದನ್ನೋ ಅಂತ ಕೇಳಿದೆ. ಬ್ರಷ್ ಬಕೆಟ್ಟಿಗೆ ಹಾಕಿ ಯೋಚಿಸಿದಳು.

"ಹೊಸದ್ರಲ್ಲಿ ಪಾತ್ರೆ ತೊಳೆಯೋ ಜಾಗದ ಎದುರಿಗೆ ಟೀವಿ. ಇದ್ರಲ್ಲಿ ಕಿಟಕಿ. ಪಾತ್ರೆ ತೊಳೀತಾ ಯಾರು ಬಂದ್ರು ಅಂತ ನೋಡ್ಬಾರ್ದಾ?"

ಊಟದ ಮೇಜು ತೀರಾ ಚಿಕ್ಕದಾಗಿ ಕಂಡಿತು. ಇಬ್ಬರಿಗೆ ಸಾಲುತ್ತಾ ಅಂದೆ. ಅವಳು ಒಂದು ಕಡೆ ಕೂತು ನನ್ನನ್ನು ಎದುರಿಗೆ ಕೂರಿಸಿದಳು. ಮೊಣಕಾಲಿಗೆ ಮೊಣಕಾಲು ತಗಲಿತು.

"ಸಾಲುತ್ತೆ" ಅಂದಳು.

ಎದ್ದು ಬಂದೆ. ಟೋಪಿ ಅಲ್ಲೇ ಉಳಿಯಿತು.

ಮೇ 16

ಹಳೆಯದೇ. ಡೊಲೋರಿಸ್ ತನ್ನ ಅಣ್ಣನ ಲಾರಿಗೆ ಕಟ್ಟಿ ಎಳೆದು ತಂದರು. ದಾರಿಯುದ್ದಕ್ಕೂ ಹೊಲದಲ್ಲಿದ್ದವರೆಲ್ಲ ಉಳುಮೆ ನಿಲ್ಲಿಸಿ ನೋಡಿದರು. ಮದುವೆಯಾಗದ ಹುಡುಗನ ಹಿಂದೆ ಮನೆಯೊಂದು ಬರುತ್ತಿದ್ದರೆ ಇನ್ನೇನು.

ಅಪ್ಪ ಏಣಿ ಹಾಕಿ ಚಾವಣಿ ಮೇಲೆ ಬಕೆಟ್‌ಗಟ್ಟಲೆ ನೀರು ಸುರಿದ. ಸರಿಯಾಗಿ ಹಾಸಿಗೆಯ ಮೇಲೆ ಸೋರಿತು. ಅಪ್ಪನಿಗೆ ಇಷ್ಟು ಖುಷಿಯಾದದ್ದನ್ನು ನಾನು ನೋಡಿಲ್ಲ. ಸಂಜೆಯವರೆಗೆ ಅಲ್ಲೇ ಕೂತು ಡಾಂಬರಿನ ತೇಪೆ ಹಾಕಿದ. ಈಗ ಒಂದು ತೊಟ್ಟೂ ಸೋರುವುದಿಲ್ಲ. ಬಂದವರನ್ನೆಲ್ಲ ಏಣಿ ಹತ್ತಿಸುತ್ತಾನೆ.

ಮೇ 24, ಭಾನುವಾರ

ಇವತ್ತು ಕೇಳಬೇಕೆಂದಿದ್ದೆ. ಕೂಟ ಮುಗಿಯಿತು. ಗಾಡಿ ಹತ್ತಿದಳು. ಕುದುರೆಯ ಬಲಗಾಲಿನ ಲಾಳದ ಬಗ್ಗೆ ಮಾತಾಡಿದೆವು. ಅವಳೇಕೋ ಮಧ್ಯೆ ಮಧ್ಯೆ ನನ್ನ ಕಡೆ ನೋಡಿ ಕಾಯುತ್ತಿದ್ದಳು. ಎಡಗಾಲಿನ ಲಾಳದ ಬಗ್ಗೆಯೂ ಹೇಳಿದೆ.

ಜೂನ್ 1

ಆರ್ಫಾಳ ಮನೆ ಮುಂದೆ ಹಾದು ಬಂದೆ. ಅವಳ ಅಮ್ಮ ತೋಟದಲ್ಲಿ ಬಗ್ಗಿ ಸಸಿ ನೆಡುತ್ತಿದ್ದರು. ಸೆಲೆರಿ. ಒಂದು ಸಾಲಲ್ಲ, ಎರಡಲ್ಲ. ಬೇಲಿಯಿಂದ ಬಾವಿಯವರೆಗೂ ಸೆಲೆರಿ.

ಆ ಮನೆಯಲ್ಲಿ ಮದುವೆಯ ವಯಸ್ಸಿನವಳು ಅವಳೊಬ್ಬಳೇ.

ನಾನಂತೂ ಕೇಳಿಲ್ಲ. ಹಾಗಾದರೆ ಯಾರೋ ಕೇಳಿದ್ದಾರೆ.

ಜೂನ್ 3

ಕ್ಯಾಂಪರಿಗೆ ಗಿರಾಕಿ ನೋಡಿ ಅಂತ ಡೊಲೋರಿಸ್‌ಗೆ ಹೇಳಿದೆ. ಅಪ್ಪ ಯಾಕೆ ಅಂದ. ಸೋರುತ್ತದೆ ಅಂದೆ.

"ನಾನು ಹಾಕಿದ ತೇಪೆ ಸೋರಲ್ಲ" ಅಂದ. ಊಟಕ್ಕೂ ಜೊತೆಗೆ ಕೂರಲಿಲ್ಲ.

ಜೂನ್ 13, ಶನಿವಾರ

ಹತ್ತು ದಿನ ಏನೂ ಬರೆದಿಲ್ಲ. ಹೋದ ಭಾನುವಾರ ಕೂಟಕ್ಕೂ ಹೋಗಲಿಲ್ಲ.

ಮಧ್ಯಾಹ್ನ ಆರ್ಫಾ ಬಂದಳು. ಕೈಯಲ್ಲಿ ನನ್ನ ಟೋಪಿ. ಕೊಡಲಿಲ್ಲ, ಹಿಡಿದುಕೊಂಡೇ ನಿಂತಳು.

"ಮಾರ್ತಿದ್ದೀಯಂತೆ?"

ತಲೆ ಆಡಿಸಿದೆ. ಯಾಕೆ ಅಂದಳು. ಸುಳ್ಳು ಹೊಳೆಯಲಿಲ್ಲ. ನಿಮ್ಮ ತೋಟದಲ್ಲಿ ಸೆಲೆರಿ ನೋಡಿದೆ ಅಂದೆ.

"ನೋಡಿದ್ಯಲ್ಲ, ಮತ್ತೆ?"

"ಯಾರ ಜೊತೆ?"

ಅವಳು ಕ್ಯಾಂಪರಿನ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ನೀನು ಮನೆ ನೋಡೋಕೆ ಬಂದೆ. ಯಾವ್ದು ತಗೊಳ್ಳಲಿ ಅಂತ ನನ್ನೇ ಕೇಳ್ದೆ. ಇಬ್ಬರಿಗೆ ಸಾಲುತ್ತಾ ಅಂದೆ. ಸಾಲುತ್ತೆ ಅಂತ ನಾನಂದೆ. ನಾನು ಹೇಳಿದ್ದನ್ನೇ ತಂದು ನಿಲ್ಲಿಸ್ದೆ. ಇನ್ನೇನೋ ಬಾಕಿ ಇತ್ತು? ಅಮ್ಮನಿಗೆ ಹೇಳ್ಬಿಟ್ಟೆ. ಅಷ್ಟೂ ಸಾಲು ನೆಟ್ಟು ಪಾಪ ಸೊಂಟ ಹಿಡ್ಕೊಂಡು ಮಲಗಿದ್ದಾರೆ ನಮ್ಮಮ್ಮ."

ಪಕ್ಕಕ್ಕೆ ಸರಿದು ಮೆಟ್ಟಿಲಲ್ಲಿ ಜಾಗ ಬಿಟ್ಟಳು. ಕೂತೆ.

"ಆದ್ರೂ ಒಂದ್ಸಲ ಬಾಯ್ಬಿಟ್ಟು ಕೇಳ್ಬಿಡು" ಅಂದಳು. "ನಾಳೆ ಮೊಮ್ಮಕ್ಕಳಿಗೆ ಕ್ಯಾಂಪರ್ ವ್ಯಾಪಾರದ ಕಥೆ ಹೇಳೋಕಾಗಲ್ಲ."

ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಏಣಿ ಹೊತ್ತುಕೊಂಡು ಬಂದ, ಆರ್ಫಾಗೆ ತೇಪೆ ತೋರಿಸಲು. ಅವಳು ಹತ್ತಿ ನೋಡಿ ಚೆನ್ನಾಗಿದೆ ಅಂದಳು. ಅಪ್ಪನಿಗೆ ಇನ್ನು ಸೊಸೆಯ ವಿಷಯದಲ್ಲಿ ಯಾವ ಅನುಮಾನವೂ ಉಳಿದಂತಿಲ್ಲ. ಗುಟ್ಟಂತೆ ಗುಟ್ಟು!

ಹೋಗುವಾಗ ಆರ್ಫಾ ಟೋಪಿ ಕೊಡದೆ ಕ್ಯಾಂಪರಿನ ಒಳಗೆ ಹೋಗಿ ಗೂಟಕ್ಕೆ ನೇತು ಹಾಕಿದಳು.

ಜೂನ್ 21, ಭಾನುವಾರ ಸಂಜೆ

ಗಿರಾಕಿ ಬೇಡ ಅಂತ ಡೊಲೋರಿಸ್‌ಗೆ ಹೇಳಿ ಆಯಿತು. ಗೊತ್ತಿತ್ತು, ನಾನು ಹುಡುಕಲೇ ಇಲ್ಲ ಅಂದರು.

ಕ್ಯಾಂಪರಿನ ಮೇಜಿನ ಮೇಲೇ ಬರೆಯುತ್ತಿದ್ದೇನೆ. ಗಾಡಿಗೆ ಕುದುರೆ ಕಟ್ಟಿದ್ದೇನೆ. ಅಂಗಿ ಅಮ್ಮ ಇಸ್ತ್ರಿ ಮಾಡಿದ್ದು. ಇವತ್ತು ಕೂಟ ಮುಗಿದ ಮೇಲೆ ಕೇಳಲೇಬೇಕು. ಲಾಳದ ಮಾತು ಎತ್ತಬಾರದು. ದಾರಿಯಲ್ಲಿ ತಡವರಿಸದ ಹಾಗೆ ಒಮ್ಮೆ ಇಲ್ಲಿ ಬರೆದು ನೋಡುತ್ತೇನೆ. ಹೀಗೆ ಶುರು ಮಾಡುವುದು:

ಆರ್ಫಾ, ಈ ಮೇಜಿನ ಆ ಕಡೆ ನೀನು, ಈ ಕಡೆ ನಾನು, ಕೊನೇ ತನಕ ಹೀಗೇ ಕೂರೋಣ್ವಾ?